ಒತ್ತಾಯದ ರೊಟ್ಟಿ

ಪರದೆಯ ಮೇಲೆ ಮುತ್ಯಾ ಉಣ್ಣುತ್ತಲೇ ಇದ್ದ. ಒಂದು ರೊಟ್ಟಿ ಮುಗಿಸಿದ, ಎರಡು ಮುಗಿಸಿದ, ಅಂಗೈ ಅಡ್ಡ ಹಿಡಿದು ‘ಸಾಕು’ ಅಂದ. ಮರುಗಳಿಗೆಗೆ ತಟ್ಟೆಗೆ ಇನ್ನೊಂದು ಬಂದು ಬಿತ್ತು. ಅದನ್ನೂ ಉಂಡು ಮತ್ತೆ ‘ಸಾಕು’ ಅಂದ. ಮತ್ತೊಂದು ಬಿತ್ತು. ಸಾಲಿನಲ್ಲಿ ಅವನ ಪಕ್ಕ ಕೂತವರೆಲ್ಲ ಖಾಲಿ ತಟ್ಟೆ ಮುಂದಿಟ್ಟುಕೊಂಡು ಕಣ್ಣು ಪಿಳಿಪಿಳಿ ಬಿಡುತ್ತಿದ್ದರು. ಹಳೆಯ ಲ್ಯಾಪ್‌ಟಾಪಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಗುರುಗುಟ್ಟತೊಡಗಿತು.

“ಅವ್ವ, ಮುತ್ಯಾ ಏಳವಲ್ಲ,” ಎಂದಳು ಶೀತಲ, ಪರದೆಯ ಮೇಲಿನ ಅಜ್ಜನನ್ನು ತೋರಿಸಿ.

ಭುವನೇಶ್ವರಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದಳು. ಸಣ್ಣ ಮಗಳು ವರ್ಷಾ ಆಗಲೇ ಚಾಪೆಯ ಮೇಲೆ ಬಿದ್ದು ನಗುತ್ತಿದ್ದಳು. “ಮುತ್ಯಾನ ಹೊಟ್ಟಿ ಒಡೀತದ ಈಗ, ನೋಡ್ತಿರು.”

“ಮೊದಲ ನಿಲ್ಲಿಸು ಅದನ್ನ. ನಿಲ್ಲಿಸಿ ಮ್ಯಾಲಿಂದ ಓದು. ಬೆಳ್ಳಿಟ್ಟು ಓದು, ಬಾಯಿ ಬಿಟ್ಟು ಓದು.”

ಬೆರಳಿಟ್ಟು ಎನ್ನುವುದನ್ನು ಭುವನೇಶ್ವರಿ ಹಾಗೇ ಹೇಳುತ್ತಿದ್ದಳು. ಹುಮನಾಬಾದಿನ ಕಾಲೇಜಿನಲ್ಲಿ ಒಂದು ಕಂಪ್ಯೂಟರಿಗೆ ನಾಲ್ಕು ಹುಡುಗಿಯರು ಮುತ್ತಿಕೊಳ್ಳುತ್ತಿದ್ದ ಕಾಲದಲ್ಲಿ, ಸರದಿ ಬರುವತನಕ ಕಾಗದದ ಮೇಲೆ ಬರೆದ ಪ್ರೋಗ್ರಾಮನ್ನು ಹೀಗೆ ಬೆರಳಿಟ್ಟು ಓದಿಯೇ ತಪ್ಪು ಹುಡುಕಲು ಕಲಿತಿದ್ದಳು. ಆ ಓದು ಮುಗಿಯುವ ಮೊದಲೇ ಮದುವೆಯಾಗಿ ಬಸವಕಲ್ಯಾಣಕ್ಕೆ ಬಂದದ್ದು. ಬೇರೆಯದೆಲ್ಲ ಮರೆತಿತ್ತು, ಬೆರಳು ಮರೆತಿರಲಿಲ್ಲ.

ಶೀತಲ ಓದಿದಳು. “ಮುತ್ಯಾನ ತಟ್ಟಿ ಖಾಲಿ ಇದ್ರ ರೊಟ್ಟಿ ಹಾಕು. ತಟ್ಟಿದಾಗ ರೊಟ್ಟಿ ಇದ್ರ ಉಣ್ಣು. ಹೊಟ್ಟಿ ತುಂಬಿದ್ರ ಸಾಕು ಅನ್ನು. ಸಾಕು ಅಂದ್ರ…” ಬೆರಳು ನಿಂತಿತು. “ಸಾಕು ಅಂದ್ರ ಇನ್ನೊಂದು ಹಾಕು.”

“ಸಾಕು ಅಂದ ಮ್ಯಾಲ ಯಾಕ ಇನ್ನೊಂದು?”

“ಹಾಕಬೇಕಲ್ಲವ್ವ. ಒತ್ತಾಯ ಮಾಡಲಾರದ ಹ್ಯಾಂಗ ಬಿಡಾಕ ಬರ್ತದ? ಆಯಿ ಬೈತಾಳ.”

ಭುವನೇಶ್ವರಿಗೆ ನಗು ತಡೆಯಲಾಗಲಿಲ್ಲ. ಹುಡುಗಿ ಹೇಳಿದ್ದು ಸುಳ್ಳಲ್ಲ. ಈ ಮನೆಯಲ್ಲಿ ‘ಸಾಕು’ ಎಂದರೆ ಸಾಕು ಎಂದು ಯಾರೂ ತಿಳಿಯುವುದಿಲ್ಲ. ಉಣ್ಣುವವರು ಇನ್ನೊಂದು ಬೀಳುವುದೆಂದು ಗೊತ್ತಿದ್ದೇ ಒಂದು ರೊಟ್ಟಿ ಮುಂಚೆ ಸಾಕು ಅನ್ನುತ್ತಾರೆ. ಬಡಿಸುವವಳು ಅದು ಗೊತ್ತಿದ್ದೇ ಅಡ್ಡ ಹಿಡಿದ ಕೈ ಸರಿಸಿ ಇನ್ನೊಂದು ಇಡುತ್ತಾಳೆ. ಆ ಒತ್ತಾಯದ ರೊಟ್ಟಿ ಬೀಳದಿದ್ದರೆ ಮಾನ ಮಾಡಲಿಲ್ಲವೆಂದೇ ಅರ್ಥ. ಹನ್ನೆರಡು ವರ್ಷದ ಶೀತಲ ಕಂಡದ್ದನ್ನು ಕಂಡ ಹಾಗೆ ಬರೆದಿದ್ದಳು. ಒತ್ತಾಯ ಒಂದೇ ಸಲ ಎಂದು ಮಾತ್ರ ಬರೆದಿರಲಿಲ್ಲ; ಅದನ್ನು ಬರೆಯಬೇಕೆಂದು ಈ ಊರಿನಲ್ಲಿ ಯಾರಿಗೆ ತಾನೆ ಹೊಳೆಯುತ್ತದೆ?

“ಕಂಪ್ಯೂಟರಿಗೆ ಎಲ್ಲಿ ಬಿಡಬೇಕಂತ ಗೊತ್ತಿಲ್ಲವ್ವ. ಅದಕ್ಕ ನಮ್ಮ ರೀತಿ ಮಾಲೂಮಿಲ್ಲ. ಎಲ್ಲಾ ನೀನೇ ಹೇಳಬೇಕು,” ಎಂದಳು ಮಗಳಿಗೆ.

ಶೀತಲ ಒಂದು ಸಾಲು ಸೇರಿಸಿದಳು. ಈ ಸಲ ಮುತ್ಯಾ ಒಂದೇ ಒತ್ತಾಯದ ರೊಟ್ಟಿ ಉಂಡು ಎದ್ದ. ಅತಿಥಿ ಉಂಡ. ಅಪ್ಪ ಉಂಡ. ಇಬ್ಬರು ಹುಡುಗಿಯರು ಉಂಡರು. ಆಯಿ ಉಂಡಳು. ಸಾಲಿನ ತುದಿಗೆ ಹಸಿರು ಸೀರೆಯ ಅವ್ವನ ಸರದಿ ಬರುವಷ್ಟರಲ್ಲಿ ಬುಟ್ಟಿ ಬರಿದಾಗಿತ್ತು. ಅವಳ ತಟ್ಟೆಗೆ ಏನೂ ಬೀಳಲಿಲ್ಲ.

“ಇನ್ನೂ ಒಂದು ತಪ್ಪು ಅದ ನೋಡು. ಅವ್ವಂದು ಬರ್ಲಿಲ್ಲ,” ಎಂದಳು ಭುವನೇಶ್ವರಿ.

“ಅದು ತಪ್ಪಲ್ಲ,” ಶೀತಲ ತಲೆ ಎತ್ತದೆ ಹೇಳಿದಳು. “ಅವ್ವಂದು ಬ್ಯಾರೇನೇ ಬರದೀನಿ. ಉಳದಿದ್ದು ಹಾಕು ಅಂತ. ಉಳೀಲಿಲ್ಲ.”

ಭುವನೇಶ್ವರಿ ಒಲೆಯ ಮೇಲೆ ಬ್ಯಾಳಿ ಇದೆಯೆಂದು ಒಳಗೆ ಹೋದಳು. ಬ್ಯಾಳಿ ಆಗಲೇ ಕುದ್ದು ಇಳಿದಿತ್ತು.

ಕೋಟೆಯ ಹಿಂದಿನ ಓಣಿಯಲ್ಲಿ ಅವಳ ಮಾವ, ಮಕ್ಕಳ ಮುತ್ಯಾ, ಮಹಾರುದ್ರಪ್ಪನವರ ಮನೆಗೆ ದೊಡ್ಡ ಹೆಸರಿತ್ತು. ಮುಂದೆ ಪೈಪು, ಪಂಪ್‌ಸೆಟ್ಟಿನ ಅಂಗಡಿ, ಹಿಂದೆ ಮನೆ. ಹಳ್ಳಿಖೇಡದಿಂದಲೋ ಮೋರಖಂಡಿಯಿಂದಲೋ ನಾರಾಯಣಪುರದಿಂದಲೋ ಮೋಟಾರು ಕೊಳ್ಳಲು ಬಂದ ರೈತರು ಉಂಡೇ ಹೋಗಬೇಕು. ವ್ಯಾಪಾರ ಆಗಲಿ ಬಿಡಲಿ, ಊಟ ತಪ್ಪಬಾರದು. ಇದು ಮಾವನವರ ತಂದೆಯ ಕಾಲದಿಂದ ಬಂದದ್ದು. ಕಲ್ಯಾಣದಲ್ಲಿದ್ದು, ಬಂದವರಿಗೆ ಉಣ್ಣಿಸದಿದ್ದರೆ ಹೇಗೆ ಎಂದು ಅವರು ಹೆಮ್ಮೆಯಿಂದ ಹೇಳುತ್ತಿದ್ದರು. ರೊಟ್ಟಿ ಬಡಿಯುವ ಕೈ ಭುವನೇಶ್ವರಿಯದು. ಎಲ್ಲರೂ ಎದ್ದ ಮೇಲೆ ಬುಟ್ಟಿಯಲ್ಲಿ ಒಂದೋ ಅರ್ಧವೋ ಇರುತ್ತಿತ್ತು, ಒಮ್ಮೊಮ್ಮೆ ಅದೂ ಇಲ್ಲ. ತನ್ನೊಬ್ಬಳಿಗಾಗಿ ಮತ್ತೆ ಹಿಟ್ಟು ನಾದುವುದೆಂದರೆ ಅವಳಿಗೇ ಒಂದು ಥರ ನಾಚಿಕೆ. ಬೆಳಗಿನ ಅನ್ನಕ್ಕೆ ಮಜ್ಜಿಗೆ ಕಲಸಿ ಒಲೆಯ ಕಟ್ಟೆಗೆ ಒರಗಿ ನಿಂತೇ ಉಣ್ಣುತ್ತಿದ್ದಳು. ಯಾರಾದರೂ ಕೇಳಿದರೆ “ನಂದು ಆಗ್ಯದ್ರಿ” ಅನ್ನುವಳು. ಆಗದಿದ್ದರೂ ಅದೇ ಮಾತು. ಹದಿನಾಲ್ಕು ವರ್ಷ ಆ ಮಾತಿಗೆ ಯಾರೂ ಎದುರು ಕೇಳಿರಲಿಲ್ಲ. ಮಗಳು ನೋಡುತ್ತಿದ್ದಾಳೆಂದು ಅವಳೂ ಎಣಿಸಿರಲಿಲ್ಲ.

ಅಂಗಡಿಗೆ ಹೊಸ ಕಂಪ್ಯೂಟರು ಬಂದಾಗ, ಪರದೆ ಮುಟ್ಟಿದರೆ ಕೆಲಸ ಮಾಡುವ ಹಳೆಯ ಲ್ಯಾಪ್‌ಟಾಪು ಮನೆಯೊಳಗೆ ಬಂದಿತ್ತು. ಶಾಲೆಯಲ್ಲಿ ಕಂಪ್ಯೂಟರ್ ಎಂದರೆ ಚಿತ್ರಕ್ಕೆ ಬಣ್ಣ ತುಂಬಿಸುವುದಷ್ಟೆ ಎಂದು ಶೀತಲ ಬೇಸರಪಟ್ಟುಕೊಂಡಿದ್ದಳು. ಭುವನೇಶ್ವರಿ ಫೋನಿನಲ್ಲಿ ನೋಡಿ, ಕೇಳಿ, ತಾನು ಕಲಿತದ್ದು ಬೇರೆ ಈಗಿನದು ಬೇರೆ ಎಂದು ಅರಿತು, ಮೊದಲು ತಾನು ಕಲಿತು ಆಮೇಲೆ ಮಕ್ಕಳಿಗೆ ಹೇಳಿಕೊಡತೊಡಗಿದಳು. ಶಾಲೆ ಬಿಟ್ಟು ಬಂದ ಮೇಲೆ ರಾತ್ರಿಯ ಅಡುಗೆಗೆ ಇಳಿಯುವತನಕ ಆ ಹೊತ್ತು ಅವರ ಮೂವರದು. ಒಮ್ಮೊಮ್ಮೆ ಮಕ್ಕಳಿಗಿಂತ ತನಗೇ ಆ ಹೊತ್ತಿನ ಹಸಿವು ಹೆಚ್ಚೆಂದು ಅವಳಿಗೆ ಅನ್ನಿಸುತ್ತಿತ್ತು.

ಅತ್ತೆ ಭಾಗಮ್ಮನವರು, ಮಕ್ಕಳ ಆಯಿ, ಅದನ್ನು ಡಬ್ಬಿ ಎನ್ನುತ್ತಿದ್ದರು. “ಡಬ್ಬಿ ಮುಂದ ಕುಂತ್ರ ಹೊಟ್ಟಿ ತುಂಬ್ತದೇನು?” ಮಾವನವರಿಗೆ ಮಾತ್ರ ಹೆಮ್ಮೆ. ಹುಮನಾಬಾದಿನ ಒಂದು ಕಾಲೇಜಿನಲ್ಲಿ ಭಾನುವಾರ ಮಕ್ಕಳೇ ಮಾಡಿದ ಪ್ರೋಗ್ರಾಮುಗಳ ಪ್ರದರ್ಶನವೆಂದು ತಿಳಿದು ಭುವನೇಶ್ವರಿ ಶೀತಲಳ ಹೆಸರು ಕೊಟ್ಟಾಗ, ಮಾವನವರು ಅಂಗಡಿಗೆ ಬಂದವರಿಗೆಲ್ಲ ಹೇಳಿದರು. “ನಮ್ಮ ಮೊಮ್ಮಗಳು ಕಂಪ್ಯೂಟರ್ದಾಗ ಪಂಕ್ತಿ ಕುಂಡ್ರಸ್ಯಾಳ. ಬಡ್ಸೋ ಆಟ. ನಮ್ಮ ಮನಿ ರೀತಿ ಅಲ್ಲೂ ಬಿಟ್ಟಿಲ್ಲ.”

ಆಟ ಸುಲಭವಿತ್ತು. ಆಡುವವರು ಬುಟ್ಟಿಯಿಂದ ರೊಟ್ಟಿ ತೆಗೆದು ಸಾಲಾಗಿ ಬಡಿಸಬೇಕು. ಕೊನೆಗೆ ಅವ್ವನ ತಟ್ಟೆಗೆ ರೊಟ್ಟಿ ಬಿದ್ದರೆ ಗೆದ್ದ ಹಾಗೆ. ಒತ್ತಾಯದ ರೊಟ್ಟಿ ಹಾಕುತ್ತ ಹೋದರೆ ಬುಟ್ಟಿ ಬರಿದು. ಹಾಕದೆ ಬಿಟ್ಟರೆ ಆಯಿಯ ಹುಬ್ಬು ಗಂಟಾಗಿ, ಮುಖ ಕೆಂಪಾಗಿ, ಆಟವೇ ಮುಗಿಯುತ್ತಿತ್ತು. ಗೆಲ್ಲುವ ದಾರಿ ತನಗೂ ಸಿಕ್ಕಿಲ್ಲವೆಂದು ಶೀತಲ ಒಪ್ಪಿಕೊಂಡಿದ್ದಳು.

ಪ್ರದರ್ಶನಕ್ಕೆ ನಾಲ್ಕು ದಿನವಿರುವಾಗ ಹಳ್ಳಿಖೇಡದ ಬಂಡೆಪ್ಪ ಬಂದರು. ಕಬ್ಬು ಬೆಳೆಯುವವರು, ಜೋರು ದನಿ, ಮಾವನವರ ಹಳೆಯ ದೋಸ್ತಿ. ಪಡಸಾಲೆಯಲ್ಲಿ ಅವರನ್ನು ಕೂರಿಸಿ ಮಾವನವರು ಕೂಗಿದರು, “ಶೀತಲಾ, ನಿನ್ನ ಆಟ ತಗೊಂಡ ಬಾ ಇಲ್ಲಿ. ಕಾಕಾಗ ತೋರ್ಸು.”

ಬಂಡೆಪ್ಪ ಕನ್ನಡಕ ಹಾಕಿಕೊಂಡು ದಪ್ಪ ಬೆರಳಿನಿಂದ ಆಡಿದರು. “ಎಲಾ ಮಹಾರುದ್ರಪ್ಪ, ಇದರಾಗೂ ನೀನೇ ಮೊದಲ ಕುಂತೀಯಲ್ಲೋ. ಇವ ಯಾರು, ತಲಿಗಿ ಪಟಕಾ ಸುತ್ತಿದವ?”

“ಅತಿಥಿ, ಕಾಕಾ,” ಎಂದಳು ಶೀತಲ.

“ಅಂದ್ರ ನಾನೇ. ಹಾಕು ಮಗನಿಗಿ, ಇನ್ನೊಂದು ಹಾಕು.” ನಗುತ್ತ ನಗುತ್ತ ಎಲ್ಲರಿಗೂ ಬಡಿಸಿದರು. ಕೊನೆಗೆ ಬೆರಳು ಖಾಲಿ ಬುಟ್ಟಿಯ ಮೇಲೆ ಎರಡು ಸಲ, ಮೂರು ಸಲ ಒತ್ತಿತು. “ಇಕಿ ತಟ್ಟಿಗಿ ಏನೂ ಬರವಲ್ದು. ಯಾರು ಇಕಿ, ಕಡೀಗಿ ಕುಂತಾಕಿ?”

“ಅವ್ವ,” ಎಂದಳು ವರ್ಷಾ.

ಚಹಾದ ತಾಟು ಹಿಡಿದು ಭುವನೇಶ್ವರಿ ಆಗತಾನೇ ಬಾಗಿಲಿಗೆ ಬಂದಿದ್ದಳು. ಹಸಿರು ಸೀರೆಯನ್ನೇ ಉಟ್ಟಿದ್ದಳು. ಬಂಡೆಪ್ಪ ಅವಳನ್ನು ನೋಡಿದರು, ಪರದೆಯನ್ನು ನೋಡಿದರು. ಕನ್ನಡಕ ತೆಗೆದು ಜೇಬಿಗಿಟ್ಟರು.

“ಹಂಗಾದ್ರ ಇಷ್ಟು ವರ್ಷ ನಾ ಉಂಡಿದ್ದು ನಿಮ್ಮವ್ವನ ಪಾಲು ಅನ್ನು,” ಎಂದರು. ಹುಡುಗಾಟದ ಮಾತೇ, ಆದರೆ ಅದರ ಕೊನೆಗೆ ನಗು ಬರಲಿಲ್ಲ. ಚಹಾ ಕುಡಿದರು. ಪೈಪಿನ ಮಾತಾಡಿದರು. ಮಾವನವರು ಊಟಕ್ಕೆ ಏಳು ಎಂದಾಗ, “ಬ್ಯಾಡಪ್ಪ, ಕಾರ್ಖಾನಿಗಿ ಹೊಂಟಿದ್ದ ಗಾಡಿ ನಿಂತದ, ಹೋಗಬೇಕು,” ಎಂದು ಕೈಮುಗಿದು ಹೊರಟೇಬಿಟ್ಟರು. ಮಾವನವರು ಬೀದಿಯತನಕ ಹಿಂದೆ ಹೋಗಿ ಬರಿಗೈಯಲ್ಲಿ ಬಂದರು.

ಬಂದು ನಿಂತುಕೊಂಡೇ ಹೇಳಿದರು. “ನಮ್ಮಪ್ಪನ ಕಾಲದಿಂದ ಈ ಬಾಗಲದಾಗಿಂದ ಉಣ್ಣಲಾರದ ಹೋದವ ಇವನೇ ಮೊದಲನೇದವ. ಇದನ್ನ ಹುಮನಾಬಾದಕ್ಕ ಒಯ್ದು ಊರಿಗೆಲ್ಲ ತೋರಸ್ತೀರೇನು? ಸೊಸಿನ್ನ ಉಪಾಸ ಕೆಡವ್ತಾರ ಅಂತ ಡಂಗುರ ಹೊಡೀತೀರೇನು? ಆಕಿ ತಟ್ಟಿಗಿ ರೊಟ್ಟಿ ಬೀಳ್ಬೇಕು. ಇಲ್ಲಂದ್ರ ಹುಮನಾಬಾದ ಬ್ಯಾಡ, ಆ ಡಬ್ಬೀನೂ ಬ್ಯಾಡ.”

ಸಂಜೆ ಭುವನೇಶ್ವರಿಯ ಗಂಡ ಗುರುಶಾಂತ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡ. ಅಪ್ಪನ ಮುಂದೆ ಒಂದು ಮಾತು, ಹೆಂಡತಿಯ ಮುಂದೆ ಒಂದು ಮಾತು ಆಡಿ ಎರಡೂ ಕಡೆ ದಾಟಿಸುವುದೇ ಅವನ ಜಾಯಮಾನ. “ಒಂದು ರೊಟ್ಟಿ ಚಿತ್ರಕ್ಕ ಇಷ್ಟು ತಕರಾರು ಯಾಕಬೇ? ಅವ್ವನ ತಟ್ಟಿದಾಗ ಇಟ್ಟುಬಿಡು. ಮುತ್ಯಾನೂ ಖುಷಿ, ನೀನೂ ಹೋಗಿ ಬಾ.”

“ಬುಟ್ಟಿದಾಗ ಇರ್ಲಾರದ್ದು ಎಲ್ಲಿಂದ ತರ್ಲಿ ಅಪ್ಪ?”

“ಕಂಪ್ಯೂಟರ್ದಾಗ ಏನಿದ್ರೂ ತರಬಹುದು.”

“ತರಬಹುದು. ಆದ್ರ ಅದು ಸುಳ್ಳ ಆಟ ಆಗ್ತದ.” ಶೀತಲ ತಾಯಿಯ ಕಡೆ ನೋಡಿದಳು. “ಅವ್ವ, ನೀನೇ ಹೇಳಿದ್ದಿ ಅಲ್ಲ, ಲೆಕ್ಕಕ್ಕ ಬರಲಾರದ್ದು ಬರೀಬಾರದು ಅಂತ?”

ಭುವನೇಶ್ವರಿ ಚಹಾದ ಕಪ್ಪುಗಳನ್ನು ಒಂದರೊಳಗೊಂದು ಇಟ್ಟಳು. ಮಗಳು ಎದ್ದು ಹೋದಳು. ಹೋಗುವಾಗ ಬಾಗಿಲು ಬಡಿಯಲಿಲ್ಲ. ಬಡಿದಿದ್ದರೆ ಚೆನ್ನಾಗಿರುತ್ತಿತ್ತು.

ಮರುದಿನ ಮಕ್ಕಳು ಶಾಲೆಗೆ ಹೋದ ಮೇಲೆ ಅವಳು ಲ್ಯಾಪ್‌ಟಾಪು ತೆರೆದಳು. ಹುಡುಗಿ ಹೇಗೂ ಹುಮನಾಬಾದಿಗೆ ಹೋಗಬೇಕು; ಒಂದು ರೊಟ್ಟಿಗಾಗಿ ಇಷ್ಟು ದಿನದ ಕಲಿಕೆ ನೀರಿಗೆ ಬೀಳಬಾರದು. ತಾನೇ ತಿದ್ದಿಬಿಟ್ಟರೆ ಆಯಿತು, ಆಮೇಲೆ ಸಮಾಧಾನ ಮಾಡಿದರಾಯಿತು. ಇಷ್ಟು ವರ್ಷ ಈ ಮನೆಯ ಎಷ್ಟೋ ಸಂಗತಿಗಳನ್ನು ಹೀಗೆಯೇ ಯಾರಿಗೂ ಕಾಣದಂತೆ ಸರಿ ಮಾಡಿದ್ದಳಲ್ಲ. ‘ಉಳಿದದ್ದು ಹಾಕು’ ಎಂಬ ಸಾಲು ಅಳಿಸಿ, ಬುಟ್ಟಿ ಹೇಗಾದರೂ ಇರಲಿ ಅವ್ವನಿಗೆ ಎರಡು ರೊಟ್ಟಿ ಎಂದು ಬರೆದಳು. ಬರೆಯಲು ಚಹಾ ಆರುವಷ್ಟೂ ಹೊತ್ತು ಹಿಡಿಯಲಿಲ್ಲ. ಆಟ ಓಡಿಸಿದಳು.

ಎಲ್ಲರದೂ ಆಯಿತು. ಬರಿದಾದ ಬುಟ್ಟಿಯಿಂದ ಎರಡು ರೊಟ್ಟಿ ಹಾರಿಬಂದು ಅವ್ವನ ತಟ್ಟೆಗೆ ಬಿದ್ದವು. ಆಗ ಪರದೆಯ ಮೇಲಿನ ಅವ್ವ ನಕ್ಕಳು.

ಭುವನೇಶ್ವರಿ ಬೆಚ್ಚಿದಳು. ಈ ನಗೆಯನ್ನು ಅವಳು ಹಿಂದೆ ನೋಡಿರಲಿಲ್ಲ. ಯಾರೂ ನೋಡಿರಲಿಲ್ಲ, ಆಟ ಒಮ್ಮೆಯೂ ಅಲ್ಲಿಗೆ ಮುಟ್ಟಿರಲಿಲ್ಲವಲ್ಲ. ಆದರೂ ಶೀತಲ ಅದನ್ನು ಬರೆದಿಟ್ಟಿದ್ದಳು. ಮೂಗುಬೊಟ್ಟು ಹೊಳೆಯುವುದು, ಕೆನ್ನೆ ಒಂದೇ ಕಡೆ ಗುಳಿ ಬೀಳುವುದು, ಮೇಲಿನ ಹಲ್ಲೊಂದು ಸ್ವಲ್ಪ ಓರೆ ಇರುವುದು, ಎಲ್ಲ ಸೂಕ್ಷ್ಮವಾಗಿ ಚಿತ್ರಿಸಿ, ಎಂದಾದರೂ ಬೇಕಾದೀತೆಂದು ಒಳಗೆ ಇಟ್ಟಿದ್ದಳು. ಬೇರೆ ಯಾರ ಮುಖಕ್ಕೂ ಅವಳು ಅಷ್ಟು ಕಷ್ಟಪಟ್ಟಿರಲಿಲ್ಲ.

ಅಳು ಬರುವುದೆಂದು ಭುವನೇಶ್ವರಿ ಕಾದಳು. ಬರಲಿಲ್ಲ. ಬಂದದ್ದು ಸಿಟ್ಟು. ಮಾವನ ಮೇಲೋ ಅತ್ತೆಯ ಮೇಲೋ ಅಷ್ಟಲ್ಲ. ಇಲ್ಲದ ರೊಟ್ಟಿಯನ್ನು ಇದೆಯೆಂದು ತೋರಿಸುವ ಈ ಕೆಲಸವನ್ನು ತಾನು ದಿನವೂ ಮಾಡುತ್ತ ಬಂದಿದ್ದಳು, ಅದೂ ಎಷ್ಟು ಚೆನ್ನಾಗಿ. ‘ನಂದು ಆಗ್ಯದ್ರಿ’ ಎಂದರೆ ಇದೇ ಅಲ್ಲವೇ? ಈಗ ಮಗಳ ಕೈಯಿಂದಲೂ ಅದನ್ನೇ ಬರೆಸಲು ಕೂತಿದ್ದಳು. ಶೀತಲ ದೊಡ್ಡವಳಾಗಿ ಯಾವುದೋ ಒಲೆಯ ಕಟ್ಟೆಗೆ ಒರಗಿ ನಿಂತು ಅದೇ ಮಾತು ಹೇಳುವುದು ಅವಳ ಕಿವಿಗೆ ಸ್ಪಷ್ಟವಾಗಿ ಕೇಳಿಸಿತು.

ಬರೆದದ್ದನ್ನು ಅಳಿಸಿದಳು. ಮಗಳ ಸಾಲನ್ನು ಇದ್ದ ಹಾಗೇ ಮತ್ತೆ ಬರೆದಳು. ಬೆರಳಿಟ್ಟು ಓದಿ ನೋಡಿದಳು.

ಆ ರಾತ್ರಿಯ ಊಟಕ್ಕೆ ಅವಳು ರೊಟ್ಟಿಗಳನ್ನೆಲ್ಲ ಮುಂಚೆಯೇ ಬಡಿದು ಮುಗಿಸಿದಳು. ಬುಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ, ಮೊಸರು ಎಲ್ಲವನ್ನೂ ಪಡಸಾಲೆಯ ನಡುವೆ ತಂದಿಟ್ಟಳು. ತಟ್ಟೆಗಳನ್ನು ಸುತ್ತಲೂ ಇಟ್ಟು, ಮಗಳ ಪಕ್ಕ ಇನ್ನೊಂದು ತಟ್ಟೆ ಇಟ್ಟು, ಕಾಲು ಮಡಿಚಿ ಕುಳಿತಳು.

ಮಾವನವರು ಕೈ ತೊಳೆದು ಬಂದವರು ನಿಂತರು. “ಏನಿದು?”

“ಹಸಿವಾಗ್ಯದ್ರಿ ಮಾವಾರ.”

“ಬಡ್ಸೋರ್ಯಾರು?”

“ಬುಟ್ಟಿ ನಡುವ ಅದ್ರಿ. ಎಲ್ಲಾರ ಕೈಗೂ ಎಟುಕ್ತದ.”

ಪಲ್ಯದ ಸೌಟು ಹಿಡಿದು ನಿಂತಿದ್ದ ಭಾಗಮ್ಮ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದರು. “ಹದಿನಾಲ್ಕು ವರ್ಷ ಇರ್ಲಾರದ ಹಸಿವು ಇವತ್ತ ಬಂತೇನು?”

“ದಿನಾ ಬರ್ತಿತ್ರಿ ಅತ್ತಿ. ಇವತ್ತ ಹೇಳಾಕತ್ತೀನಿ.”

ಮಾವನವರ ಮುಖ ಬಿಗಿಯಿತು. “ಹುಮನಾಬಾದಕ್ಕ ಯಾರು ಹೋಗ್ತೀರಿ ನಾನೂ ನೋಡ್ತೀನಿ,” ಎಂದು ಅಂಗಡಿಯ ಕಡೆ ನಡೆದರು. ಗುರುಶಾಂತ ಅರ್ಧ ಎದ್ದ. ಅಪ್ಪ ಹೋದ ಬಾಗಿಲು ನೋಡಿದ, ಹೆಂಡತಿಯನ್ನು ನೋಡಿದ. ಎದ್ದೂ ಕೂತೂ ಇಲ್ಲದ ಅವನನ್ನು ಕಂಡು ವರ್ಷಾ, “ಅಪ್ಪ, ಕುಂಡ್ರಾದ್ರ ಕುಂಡ್ರು, ನನಗ ಬುಟ್ಟಿ ಕಾಣವಲ್ದು,” ಎಂದಳು. ಅವನು ಕೂತ.

ಭುವನೇಶ್ವರಿ ರೊಟ್ಟಿ ಮುರಿದಳು. ಬಿಸಿ ರೊಟ್ಟಿಯ ಹಬೆ ಬೆರಳಿಗೆ ತಾಗಿದಾಗ, ಇದನ್ನು ಬಡಿದ ಕೈಗೆ ಇದರ ಬಿಸಿ ಗೊತ್ತು, ಬಾಯಿಗೇ ಗೊತ್ತಿರಲಿಲ್ಲ ಎಂದುಕೊಂಡಳು.

ಭಾಗಮ್ಮ ಕೂರಲಿಲ್ಲ. ಒಂದು ತಟ್ಟೆಗೆ ಹಾಕಿಕೊಂಡು ಗಂಡನಿಗೆ ಅಂಗಡಿಗೇ ಒಯ್ದು ಕೊಟ್ಟು ಬಂದರು. ಆಮೇಲೆ ಅಡುಗೆಮನೆಯಲ್ಲಿ ಪಾತ್ರೆ ಸರಿಸುತ್ತ ಶೀತಲಳನ್ನು ಕರೆದದ್ದು ಭುವನೇಶ್ವರಿಗೆ ಕೇಳಿಸಿತು.

“ಆ ಆಟದಾಗ ನನ್ನ ತಟ್ಟಿ ಎಲ್ಲಿ ಇಟ್ಟೀದಿ?”

“ಅವ್ವನಕಿಂತ ಮೊದಲ, ಆಯಿ.”

“ಮಾರಿ ಸಿಟ್ಟಿಂದು ಬರದೀಯಂತ.”

“ಒತ್ತಾಯ ಮಾಡ್ಲಿಲ್ಲಂದ್ರ ಅಷ್ಟೇ.”

“ನಮ್ಮತ್ತಿ ಇದ್ದಾಗ ಆ ಕಡೀ ತಟ್ಟಿ ನಂದಿತ್ತು. ಅದನ್ಯಾರು ಬರೀತಾರ?” ಎಂದರು ಭಾಗಮ್ಮ. ಶೀತಲ ಏನು ಹೇಳಿದಳೋ ಕೇಳಿಸಲಿಲ್ಲ.

ಮುಂದಿನ ಎರಡು ಸಂಜೆ ಶೀತಲ ಲ್ಯಾಪ್‌ಟಾಪಿನ ಮುಂದೆ ಒಬ್ಬಳೇ ಕೂತಳು. ತಾಯಿಗೂ ತೋರಿಸಲಿಲ್ಲ. ಕೇಳಿದ್ದು ಒಂದೇ. “ಅವ್ವ, ತಟ್ಟಿ ಜಾಗಾ ಬದಲಿ ಮಾಡಬೇಕಾದ್ರ ಸಾಲು ಪೂರಾ ಮತ್ತ ಎಣಿಸಬೇಕೇನು?”

“ಪೂರಾ ಎಣಿಸಬೇಕು,” ಎಂದಳು ಭುವನೇಶ್ವರಿ.

ಭಾನುವಾರ ಬೆಳಿಗ್ಗೆ ಗುರುಶಾಂತ, ಗಾಡಿ ಅಂಗಡಿ ಕೆಲಸಕ್ಕೆ ಬೇಕಾಗಿದೆ ಎಂದು ಗೋಡೆಗೆ ಹೇಳಿದ. “ಬಸ್ ಅವಲ್ಲ,” ಎಂದಳು ಭುವನೇಶ್ವರಿ. ಲ್ಯಾಪ್‌ಟಾಪನ್ನು ಹಳೆಯ ಸೀರೆಯಲ್ಲಿ ಸುತ್ತಿ ಚೀಲಕ್ಕಿಟ್ಟು, ಇಬ್ಬರು ಮಕ್ಕಳ ಕೈ ಹಿಡಿದು ಅಂಗಡಿಯ ಮುಂದಿನಿಂದಲೇ ಹೊರಟಳು. ಹಿತ್ತಲ ಬಾಗಿಲಿತ್ತು, ಆ ಕಡೆ ಹೋಗಲಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಮಾವನವರು ಪೇಪರು ಹಿಡಿದಿದ್ದರು. “ಹೋಗಿ ಬರ್ತೀವ್ರಿ ಮಾವಾರ,” ಎಂದಳು. ಪೇಪರು ಅಲುಗಲಿಲ್ಲ. ಅವಳು ನೆಟ್ಟಗೆ ನಡೆದಳು.

ಊರ ಹೊರಗಿನ ಬಂಗ್ಲಾ ಕ್ರಾಸು ದಾಟಿ ಹೆದ್ದಾರಿ ಹಿಡಿದ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿತು. ವರ್ಷಾ ಕಿಟಕಿಗೆ ಆನಿಸಿದ ಮೂಗು ತೆಗೆಯಲಿಲ್ಲ. ಶೀತಲ ಚೀಲವನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಅಪ್ಪಿಕೊಂಡಿದ್ದಳು. ಹುಮನಾಬಾದ್ ಬಂದಾಗ ಭುವನೇಶ್ವರಿಗೆ ತವರಿನ ಓಣಿಯ ಕಡೆ ಕಾಲು ಎಳೆಯಿತು. ಹೋಗಲಿಲ್ಲ. ಇವತ್ತು ಯಾರ ಮಗಳಾಗಿಯೂ ಬಂದಿಲ್ಲ ಅನ್ನಿಸಿತು.

ಕಾಲೇಜಿನ ಹಾಲಿನಲ್ಲಿ ಮೇಜುಗಳ ಸಾಲು. ಮಕ್ಕಳು, ಅಪ್ಪ-ಅವ್ವಂದಿರು. ಪರೀಕ್ಷಕರಲ್ಲಿ ಒಬ್ಬರು, ಚುರುಕು ಮಾತಿನ ಯುವಕರು, ಶೀತಲಳ ಆಟವನ್ನು ಎರಡು ಸಲ ಆಡಿ ಎರಡೂ ಸಲ ಸೋತರು. “ಗೆಲ್ಲಾಕ ಬರಲಾರದ್ದು ಆಟ ಹ್ಯಾಂಗಾಗ್ತದವ್ವ?”

“ಬರ್ತದ್ರಿ ಸರ್. ನೀವು ಇನ್ನೂ ಎಲ್ಲಾ ನೋಡಿಲ್ಲ.”

ಅವರು ನಕ್ಕು, ಏನೋ ಗುರುತು ಹಾಕಿಕೊಂಡು, ಮುಂದಿನ ಮೇಜಿಗೆ ಹೋದರು. ಬಹುಮಾನ ಇಲ್ಲವೆಂದು ಭುವನೇಶ್ವರಿಗೆ ಆಗಲೇ ತಿಳಿಯಿತು. ಶೀತಲಳಿಗೂ ತಿಳಿದಿರಬೇಕು, ಗದ್ದ ಇನ್ನಷ್ಟು ಮೇಲೆತ್ತಿ ನಿಂತಳು.

ಹೆಂಗಸರು ಬಂದದ್ದು ಆಮೇಲೆ. ಮೋರಖಂಡಿಯ ಶೇವಂತಾಬಾಯಿ ಎಂಬವರು ತಮ್ಮ ಮೊಮ್ಮಗಳ ಜೊತೆ ಬಂದಿದ್ದರು. ಪಂಕ್ತಿ ಕಂಡು ನಿಂತರು. “ಇದೇನು, ರೊಟ್ಟಿ ಬಡ್ಸೋದು? ಇದು ನನಗ ಸರಿಯಾಗಿ ಬರ್ತದ.” ಒಮ್ಮೆ ಆಡಿದರು, ಅವ್ವ ಉಪವಾಸ. ಇನ್ನೊಮ್ಮೆ ಆಡಿದರು, ಆಯಿಯ ಮುಖ ಕೆಂಪಾಯಿತು. “ಥೂ, ಈ ಮುದುಕಿ ನಮ್ಮತ್ತಿನಂಗೇ ಅದಾಳ,” ಎಂದರು. ಸುತ್ತ ನಿಂತವರು ನಕ್ಕರು. ನಗು ಕೇಳಿ ಮತ್ತೆ ನಾಲ್ಕು ಜನ ಬಂದರು.

“ಮುತ್ಯಾಗ ಕಮ್ಮಿ ಹಾಕ್ರಿ ಬಾಯಿ.”

“ಕಮ್ಮಿ ಹಾಕಿದ್ರ ಆಟ ನಿಂದರ್ತದಲ್ಲ.”

“ಅತಿಥಿನ್ನ ಎಬ್ಬಿಸ್ರಿ.”

ಶೇವಂತಾಬಾಯಿಗೆ ರೇಗಿತು. “ಇಕಿನ್ನ ಈ ತುದಿಗಿ ಯಾಕ ಕುಂಡ್ರಸ್ಯಾರ? ಎತ್ತಿ ಈ ಕಡೆ ಇಡಾಕ ಬರಂಗಿಲ್ಲೇನು?” ಎಂದು ಸಿಟ್ಟಿನಲ್ಲಿ ಬೆರಳನ್ನು ಅವ್ವನ ತಟ್ಟೆಯ ಮೇಲೆ ಒತ್ತಿ ಎಳೆದರು. ತಟ್ಟೆ ಬೆರಳಿನ ಜೊತೆ ಸರಿಯಿತು. ಹಸಿರು ಸೀರೆಯ ಅವ್ವ ಸಾಲು ದಾಟಿ ಬಂದು ಮುತ್ಯಾನ ಪಕ್ಕ ಕೂತಳು.

ಬುಟ್ಟಿ ತಾನಾಗಿ ನಡುವೆ ಬಂತು. ಎಲ್ಲರೂ ತಮ್ಮ ತಮ್ಮ ಕೈಯಿಂದ ರೊಟ್ಟಿ ತೆಗೆದುಕೊಂಡರು. ಮುತ್ಯಾ ‘ಸಾಕು’ ಅಂದ, ಅಲ್ಲಿಗೆ ಸಾಕಾಯಿತು. ಕೊನೆಗೆ ಬುಟ್ಟಿಯಲ್ಲಿ ಎರಡು ರೊಟ್ಟಿ ಮಿಕ್ಕವು. ಅವ್ವ ನಕ್ಕಳು, ಮೂಗುಬೊಟ್ಟು ಹೊಳೆಯಿತು, ಓರೆ ಹಲ್ಲು ಕಾಣಿಸಿತು.

“ನೋಡ್ರಿ, ಬಂತು,” ಎಂದು ಶೇವಂತಾಬಾಯಿ ತೋಳು ಏರಿಸಿಕೊಂಡರು, ನಿಜವಾಗಿಯೂ ಯಾರನ್ನೋ ಎತ್ತಿ ಕೂರಿಸಿದವರ ಹಾಗೆ. “ಮತ್ತ ಈ ಮುದುಕಿ ಸಿಟ್ಟಾಗ್ಲಿಲ್ಲಲ್ಲ?”

“ಆಯಿನೂ ಉಣ್ಣಾಕತ್ಯಾಳಲ್ರಿ,” ಎಂದಳು ಶೀತಲ. “ಬಾಯಾಗ ರೊಟ್ಟಿ ಇಟ್ಕೊಂಡು ಹ್ಯಾಂಗ ಬೈತಾಳ?”

ಆಮೇಲೆ ಆ ಮೇಜಿನ ಸುತ್ತ ಜಾಗವೇ ಉಳಿಯಲಿಲ್ಲ. ಪ್ರತಿಯೊಬ್ಬರಿಗೂ ತಾವೇ ಆ ತಟ್ಟೆಯನ್ನು ಎಳೆದು ನೋಡಬೇಕು. ಭುವನೇಶ್ವರಿ ಹಿಂದೆ ನಿಂತು ಮತ್ತೆ ಮತ್ತೆ ಬರುವ ಆ ನಗೆಯನ್ನು ನೋಡಿದಳು. ಈ ಸಲ ಅದು ಬುಟ್ಟಿಯಲ್ಲಿದ್ದ ರೊಟ್ಟಿಗೆ ಬಂದ ನಗೆ.

ಮನೆ ಮುಟ್ಟುವಷ್ಟರಲ್ಲಿ ದೀಪ ಹತ್ತಿತ್ತು. ಮಾವನವರು ಪಡಸಾಲೆಯಲ್ಲಿದ್ದರು. “ಬಹುಮಾನ ಬಂತೇನು?”

“ಇಲ್ರಿ,” ಎಂದಳು ಭುವನೇಶ್ವರಿ.

ಅವರ ಮುಖಕ್ಕೆ ಸ್ವಲ್ಪ ಸಮಾಧಾನ ಬಂದಂತಿತ್ತು. ಮೂರು ದಿನದಿಂದ ಅವರ ತಟ್ಟೆ ಅಂಗಡಿಗೆ ಹೋಗುತ್ತಿತ್ತು. ಇವತ್ತು ಭಾಗಮ್ಮ ಬುಟ್ಟಿಯ ಪಕ್ಕ ತಮ್ಮ ತಟ್ಟೆ ಇಟ್ಟುಕೊಂಡು ಆಗಲೇ ಕೂತಿದ್ದರು. “ಮೊಣಕಾಲು ಹಿಡದಾವ. ನನ್ನ ಕೈಲೆ ಅಲ್ಲಿ ಇಲ್ಲಿ ಒಯ್ಯೋದಾಗಂಗಿಲ್ಲ. ಯಾರಿಗಿ ಬೇಕೋ ಬರ್ರಿ,” ಎಂದು ಯಾರನ್ನೂ ನೋಡದೆ ಹೇಳಿ ರೊಟ್ಟಿ ಮುರಿದರು. ಬೆಳಿಗ್ಗೆ ಅದೇ ಮೊಣಕಾಲಿನಿಂದ ಅವರು ಮಾಳಿಗೆ ಹತ್ತಿ ಮೆಣಸಿನಕಾಯಿ ಒಣಹಾಕಿದ್ದರು.

ಭುವನೇಶ್ವರಿ ಕೈಕಾಲು ತೊಳೆದು ಬಂದು ಶೀತಲಳ ಪಕ್ಕ ಕುಳಿತಳು. ಗುರುಶಾಂತ ಕುಳಿತ. ಬಹಳ ಹೊತ್ತಿನ ಮೇಲೆ ಮಾವನವರೂ ಬಂದು, ತಮ್ಮ ತಟ್ಟೆಯನ್ನು ಉಳಿದವರಿಂದ ಒಂದಿಷ್ಟು ದೂರ ಎಳೆದುಕೊಂಡು ಕುಳಿತರು. ರೊಟ್ಟಿ ಮುರಿಯುವ ಸದ್ದು ಮಾತ್ರ.

ತಟ್ಟೆಯಲ್ಲಿದ್ದುದು ಮುಗಿಯುತ್ತ ಬಂದಾಗ ಮಾವನವರು ರೂಢಿಯಂತೆ ಅಂಗೈ ಅಡ್ಡ ಹಿಡಿದರು.

“ಸಾಕು.”

ಯಾರೂ ಏಳಲಿಲ್ಲ. ಕೈ ಹಾಗೇ ಇತ್ತು. ಭುವನೇಶ್ವರಿ ತುತ್ತನ್ನು ಹಿಂಡಿಗೆ ಒತ್ತಿ ಬಾಯಿಗಿಟ್ಟುಕೊಂಡಳು.

“ಸಾಕಂದ್ನಿ,” ಎಂದರು, ಸ್ವಲ್ಪ ಜೋರಾಗಿ.

“ಕೇಳಿಸ್ತ್ರಿ ಮಾವಾರ.”

ವರ್ಷಾಳ ನಗು ಮೂಗಿನಿಂದ ಸಿಡಿಯಿತು. ಶೀತಲ ಅವಳ ತೊಡೆ ಚಿವುಟಿದಳು. ಭಾಗಮ್ಮ ತಲೆ ತಗ್ಗಿಸಿ ಮೊಸರು ಕಲಸುತ್ತಿದ್ದರು. ಬುಟ್ಟಿ ಮಾವನವರಿಂದ ಒಂದು ಮೊಳ ದೂರದಲ್ಲಿತ್ತು. ಅವರು ಅದನ್ನು ನೋಡಿದರು, ಅಡ್ಡ ಹಿಡಿದ ತಮ್ಮ ಕೈಯನ್ನು ನೋಡಿಕೊಂಡರು.

ಬುಟ್ಟಿಯಲ್ಲಿ ಇನ್ನೂ ರೊಟ್ಟಿ ಇದ್ದವು. ಭುವನೇಶ್ವರಿ ಕೈ ಚಾಚಿ ತನಗೆ ಇನ್ನೊಂದು ತೆಗೆದುಕೊಂಡಳು.